ಜಂಕ್ಷನ್‌ಗೆ ಕಟ್ಟಡ ಮೊದಲೋ, ಹಳಿ ಮೊದಲೋ? – ಪರ ಮತ್ತು ವಿರೋಧ

ಬೆಂಗಳೂರಿನಿಂದ ಹಳಿಗಳು ತುಮಕೂರಿನತ್ತ, ಮೈಸೂರಿನತ್ತ, ಕುಣಿಗಲ್ ದಾರಿಯಾಗಿ ಹಾಸನದತ್ತ, ಬಂಗಾರಪೇಟೆಯತ್ತ, ಹೊಸೂರಿನತ್ತ, ಯಲಹಂಕ ದಾಟಿ ಹಿಂದೂಪುರದತ್ತ ಹೊರಡುತ್ತವೆ. ಈ ಹಳಿಗಳು ಒಂದನ್ನೊಂದು ಕೂಡುವ, ಬೇರೆಯಾಗುವ ಊರುಗಳೇ ಜಂಕ್ಷನ್‌ಗಳು: ಯಶವಂತಪುರ, ಅರಸೀಕೆರೆ, ಬೀರೂರು, ಹುಬ್ಬಳ್ಳಿ, ಗದಗ, ಮಂಗಳೂರು. ಕೇಂದ್ರ ಸರ್ಕಾರ 2022ರ ಕೊನೆಯಲ್ಲಿ ರೂಪಿಸಿದ ಅಮೃತ ಭಾರತ ನಿಲ್ದಾಣ ಯೋಜನೆಯಡಿ 2023ರ ಆಗಸ್ಟ್ 6ರಂದು ಒಂದೇ ದಿನ ದೇಶದ 508 ನಿಲ್ದಾಣಗಳ ಮರುಅಭಿವೃದ್ಧಿಗೆ ಶಂಕುಸ್ಥಾಪನೆಯಾಯಿತು. ಅಂದಾಜು ವೆಚ್ಚ 24,470 ಕೋಟಿ ರೂಪಾಯಿ. 2024ರ ಫೆಬ್ರುವರಿ 26ರಂದು ಇನ್ನೂ 554 ನಿಲ್ದಾಣಗಳು ಸೇರಿದವು. ಕರ್ನಾಟಕದ ಪಾಲಿಗೆ ಬಂದವು ಸುಮಾರು 60. ಕೆಲಸ ಮುಗಿದ ಮೊದಲ ತಂಡದಲ್ಲಿ ಧಾರವಾಡ, ಗದಗ, ಬಾಗಲಕೋಟೆ, ಗೋಕಾಕ ರೋಡ್ ಮತ್ತು ಮುನಿರಾಬಾದ್ ನಿಲ್ದಾಣಗಳು 2025ರ ಮೇ ತಿಂಗಳಲ್ಲಿ ಉದ್ಘಾಟನೆಯಾದವು. ಹೀಗೆ ನಿಲ್ದಾಣಗಳ ಮೇಲೆ ಇಷ್ಟೊಂದು ಗಮನ ಮತ್ತು ಹಣ ಹಾಕುವುದು ಈ ಹೊತ್ತಿಗೆ ಸರಿಯೇ ಎಂಬುದು ಇಲ್ಲಿನ ಪ್ರಶ್ನೆ. ಎರಡು ವಾದಗಳನ್ನೂ ಬರೆದಿರುವುದು ಒಂದೇ ಕೈ. ಒಲವು ಎತ್ತ ಇದೆಯೆಂಬುದನ್ನು ಮುಚ್ಚಿಡುವ ಉದ್ದೇಶವಿಲ್ಲ. ಆದರೆ ಮೊದಲನೆಯ ವಾದವನ್ನು ಅದರ ಪೂರ್ಣ ಬಲದೊಂದಿಗೆ ಹೇಳದೆ ಎರಡನೆಯದನ್ನು ಹೇಳುವುದು ನ್ಯಾಯವಲ್ಲ.

ಪರ: ನಿಲ್ದಾಣವೂ ರೈಲ್ವೆಯೇ

ನಿಲ್ದಾಣಗಳ ನವೀಕರಣದ ಸುದ್ದಿ ಬಂದಾಗಲೆಲ್ಲ ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಎಂಬ ಗಾದೆಯನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಜಂಕ್ಷನ್ ನವೀಕರಣವೆಂದರೆ ಮುಂಭಾಗಕ್ಕೆ ಗಾಜು ಹಚ್ಚಿ ದೀಪ ಹಾಕುವುದಷ್ಟೇ ಎಂಬ ಊಹೆ ಈ ಗಾದೆಯ ಹಿಂದಿದೆ, ಮತ್ತು ಆ ಊಹೆ ತಪ್ಪು. ಪ್ಲಾಟ್‌ಫಾರ್ಮ್‌ನ ಎತ್ತರ, ಅದರ ಉದ್ದ, ಪಾದಚಾರಿ ಮೇಲ್ಸೇತುವೆಯ ಅಗಲ, ಲಿಫ್ಟ್, ಕುಡಿಯುವ ನೀರು, ಶೌಚಾಲಯ, ಊರಿನ ಇನ್ನೊಂದು ಬದಿಗೆ ಎರಡನೆಯ ಪ್ರವೇಶದ್ವಾರ – ಯೋಜನೆಯ ಪಟ್ಟಿಯಲ್ಲಿರುವ ಬಹುಪಾಲು ಕೆಲಸಗಳು ಅಲಂಕಾರದ ಸಾಲಿಗೆ ಸೇರುವುದಿಲ್ಲ. ಇಪ್ಪತ್ತನಾಲ್ಕು ಬೋಗಿಯ ಗಾಡಿ ಪೂರ್ತಿಯಾಗಿ ನಿಲ್ಲಬೇಕಾದರೆ ಅರ್ಧ ಕಿಲೋಮೀಟರಿಗೂ ಹೆಚ್ಚು ಉದ್ದದ ಪ್ಲಾಟ್‌ಫಾರ್ಮ್ ಬೇಕು. ಅಷ್ಟು ಉದ್ದವಿಲ್ಲದ ನಿಲ್ದಾಣದಲ್ಲಿ ಜಲ್ಲಿಕಲ್ಲಿನ ಮೇಲೆ ಇಳಿಯುವವರು ಯಾರು? ಸಾಮಾನ್ಯವಾಗಿ ಗಾಡಿಯ ಹಿಂದುಮುಂದಿನ ತುದಿಗಳಲ್ಲಿರುವ ಜನರಲ್ ಬೋಗಿಗಳವರು.

ಈ ಮಾತನ್ನು ಸ್ವಲ್ಪ ವಿಸ್ತರಿಸಬೇಕು. ರೈಲ್ವೆ ಈಚಿನ ವರ್ಷಗಳಲ್ಲಿ ಕೈಗೊಂಡ ಸುಧಾರಣೆಗಳಲ್ಲಿ ಹಲವು, ಟಿಕೆಟಿಗೆ ಹೆಚ್ಚು ಹಣ ಕೊಡಬಲ್ಲವರಿಗೆ ಮಾತ್ರ ಸಲ್ಲುವಂಥವು. ಬೆಂಗಳೂರಿನಿಂದ ಧಾರವಾಡಕ್ಕೆ, ಕಲಬುರಗಿಗೆ, ಬೆಳಗಾವಿಗೆ ಹೋಗುವ ವಂದೇ ಭಾರತ್ ರೈಲುಗಳಲ್ಲಿ ಜನರಲ್ ಬೋಗಿಯೂ ಇಲ್ಲ, ಸ್ಲೀಪರ್ ಬೋಗಿಯೂ ಇಲ್ಲ. ನಿಲ್ದಾಣದ ಮೆಟ್ಟಿಲು, ಲಿಫ್ಟ್, ನೆರಳು, ಬೆಂಚುಗಳು ಮಾತ್ರ ಟಿಕೆಟಿನ ದರ್ಜೆಯನ್ನು ಕೇಳುವುದಿಲ್ಲ. ಮೊಣಕಾಲು ನೋವಿನ ಅಜ್ಜಿ ವಂದೇ ಭಾರತ್‌ನಲ್ಲಿ ಬಂದರೂ ಪ್ಯಾಸೆಂಜರ್ ಗಾಡಿಯಲ್ಲಿ ಬಂದರೂ ದಾಟಬೇಕಾದದ್ದು ಅದೇ ಮೇಲ್ಸೇತುವೆಯನ್ನು. ಸಾರ್ವಜನಿಕ ಹಣ ಎಲ್ಲಿ ಹಾಕಿದರೆ ಹೆಚ್ಚು ಸಮಾನವಾಗಿ ಹಂಚಿಹೋಗುತ್ತದೆ ಎಂದು ಕೇಳಿದರೆ, ರೈಲ್ವೆಯ ಮಟ್ಟಿಗೆ ನಿಲ್ದಾಣಕ್ಕಿಂತ ಒಳ್ಳೆಯ ಉತ್ತರ ಸುಲಭವಾಗಿ ಸಿಗಲಾರದು.

ಮೇಲ್ಸೇತುವೆಯ ಅಗಲ ಜೀವದ ಪ್ರಶ್ನೆಯೂ ಹೌದು. 2017ರ ಸೆಪ್ಟೆಂಬರ್ 29ರಂದು ಮುಂಬೈಯ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಕಿರಿದಾದ ಮೇಲ್ಸೇತುವೆಯ ಮೇಲೆ ನಡೆದ ಕಾಲ್ತುಳಿತದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. 2025ರ ಫೆಬ್ರುವರಿ 15ರ ರಾತ್ರಿ ನವದೆಹಲಿ ನಿಲ್ದಾಣದಲ್ಲಿ ಕುಂಭಮೇಳಕ್ಕೆ ಹೊರಟಿದ್ದ ಜನಸಂದಣಿಯಲ್ಲಿ 18 ಮಂದಿ ಪ್ರಾಣ ಕಳೆದುಕೊಂಡರು. ಎರಡೂ ಕಡೆ ಗಾಡಿ ಹಳಿ ತಪ್ಪಿರಲಿಲ್ಲ, ಸಿಗ್ನಲ್ ಕೆಟ್ಟಿರಲಿಲ್ಲ. ಜನರು ನಿಲ್ಲಲು, ನಡೆಯಲು ಬೇಕಾದ ಜಾಗ ಸಾಲಲಿಲ್ಲ. ದಸರಾ, ದೀಪಾವಳಿ, ಯುಗಾದಿಯ ಹಿಂದಿನ ಸಂಜೆ ಬೆಂಗಳೂರಿನ ಸಿಟಿ ಸ್ಟೇಷನ್ನಿನಲ್ಲಾಗಲಿ ಯಶವಂತಪುರದಲ್ಲಾಗಲಿ ಹುಬ್ಬಳ್ಳಿ ಕಡೆಯ ಗಾಡಿಗೆ ಕಾದು ನಿಂತವರಿಗೆ ಈ ಅಪಾಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳಿಯ ಸುರಕ್ಷತೆಗೆ ಆದ್ಯತೆ ಕೊಡಿ ಎನ್ನುವವರು ಪ್ಲಾಟ್‌ಫಾರ್ಮ್ ಮೇಲಿನ ಸುರಕ್ಷತೆಯನ್ನು ಯಾವ ಲೆಕ್ಕಕ್ಕೆ ಸೇರಿಸುತ್ತಾರೆ?

ಇನ್ನು ಸಾಮರ್ಥ್ಯದ ವಿಷಯ. ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ 2023ರ ಮಾರ್ಚ್ 12ರಂದು ಉದ್ಘಾಟನೆಯಾದಾಗ ಎಲ್ಲರ ಬಾಯಲ್ಲೂ ಇದ್ದದ್ದು ಅದು ಜಗತ್ತಿನಲ್ಲೇ ಅತಿ ಉದ್ದದ್ದು ಎಂಬ ದಾಖಲೆಯ ಮಾತು. ದಾಖಲೆಗಿಂತ ಮುಖ್ಯವಾದದ್ದು ಬೇರೆ ಇತ್ತು. ಬೆಂಗಳೂರು ಮಾರ್ಗದ ಜೋಡಿಹಳಿ ಕಾಮಗಾರಿಯ ಜೊತೆಗೆ ಹುಬ್ಬಳ್ಳಿಯ ಯಾರ್ಡನ್ನು, ಅಂದರೆ ನಿಲ್ದಾಣದ ಒಳಗಿನ ಮತ್ತು ಸುತ್ತಲಿನ ಹಳಿಗಳ ಜಾಲವನ್ನು, ಪುನಾರಚಿಸಿದಾಗ ಪ್ಲಾಟ್‌ಫಾರ್ಮ್‌ಗಳ ಸಂಖ್ಯೆ ಐದರಿಂದ ಎಂಟಕ್ಕೇರಿತು. ಆ ಉದ್ದನೆಯ ಪ್ಲಾಟ್‌ಫಾರ್ಮ್‌ನಿಂದ ಎರಡು ಗಾಡಿಗಳು ಏಕಕಾಲಕ್ಕೆ ಎರಡು ದಿಕ್ಕಿಗೆ ಹೊರಡಲು ಅನುಕೂಲವಾಯಿತು. ಅದಕ್ಕೆ ತಗುಲಿದ ವೆಚ್ಚ ಸುಮಾರು 20 ಕೋಟಿ ರೂಪಾಯಿ. ಬೆಂಗಳೂರಿನಿಂದ ಹೊರಟ ಗಾಡಿ ದಾರಿಯುದ್ದಕ್ಕೂ ಸಮಯಕ್ಕೆ ಸರಿಯಾಗಿ ಓಡಿ, ಕೊನೆಗೆ ಜಂಕ್ಷನ್ನಿನಲ್ಲಿ ಪ್ಲಾಟ್‌ಫಾರ್ಮ್ ಖಾಲಿಯಿಲ್ಲವೆಂದು ಔಟರ್‌ನಲ್ಲಿ, ಅಂದರೆ ನಿಲ್ದಾಣದ ಹೊರಗಿನ ಸಿಗ್ನಲ್ ಬಳಿ, ನಿಂತುಬಿಟ್ಟರೆ, ದಾರಿಯಲ್ಲಿ ಹಾಕಿದ ಜೋಡಿಹಳಿಯ ಲಾಭ ಅಲ್ಲಿಯೇ ಸೋರಿಹೋಗುತ್ತದೆ. ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿ 2022ರ ಜೂನ್‌ನಲ್ಲಿ ಕಾರ್ಯಾರಂಭ ಮಾಡಿದ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಬಗ್ಗೆ ಬರುವ ದೂರುಗಳೆಲ್ಲ ಅದನ್ನು ತಲುಪುವ ದಾರಿಯ ಬಗ್ಗೆಯೇ ಹೊರತು ಅದರ ಅಗತ್ಯದ ಬಗ್ಗೆ ಅಲ್ಲ. ಏಳು ಪ್ಲಾಟ್‌ಫಾರ್ಮ್, ಎಂಟು ನಿಲುಗಡೆ ಹಳಿ, ಬೋಗಿಗಳನ್ನು ತೊಳೆದು ಪರೀಕ್ಷಿಸುವ ಮೂರು ಪಿಟ್ ಲೈನ್ – ಇವು ಬಾರದೇ ಹೋಗಿದ್ದರೆ ಸಿಟಿ ಸ್ಟೇಷನ್ನಿನ ಹತ್ತು ಪ್ಲಾಟ್‌ಫಾರ್ಮ್‌ಗಳ ಮೇಲೆ ಹೊಸ ಗಾಡಿಯೊಂದನ್ನು ಎಲ್ಲಿಂದ ಹೊರಡಿಸಬಹುದಿತ್ತು?

ರಾಜಧಾನಿಯ ಸುತ್ತಲಿನ ಸಣ್ಣ ನಿಲ್ದಾಣಗಳನ್ನು ಇದೇ ದೃಷ್ಟಿಯಿಂದ ನೋಡಬೇಕು. ಬೆಂಗಳೂರು ವಿಭಾಗದಲ್ಲಿ ಯೋಜನೆಗೆ ಆಯ್ಕೆಯಾದ ಹೆಸರುಗಳನ್ನು ಓದಿದರೆ ಅದು ನಗರಕ್ಕೆ ದಿನಾ ದುಡಿಯಲು ಬಂದು ಹೋಗುವವರ ಭೂಪಟದಂತೆಯೇ ಇದೆ: ತುಮಕೂರು, ದೊಡ್ಡಬಳ್ಳಾಪುರ, ರಾಮನಗರ, ಚನ್ನಪಟ್ಟಣ, ಮಂಡ್ಯ, ಬಂಗಾರಪೇಟೆ, ಮಾಲೂರು, ಹೊಸೂರು, ಹಿಂದೂಪುರ, ಕುಪ್ಪಂ, ನಗರದ ಒಳಗೆ ಕೆಂಗೇರಿ, ಮಲ್ಲೇಶ್ವರ, ಕೃಷ್ಣರಾಜಪುರ, ವೈಟ್‌ಫೀಲ್ಡ್. ತಿಂಗಳ ಪಾಸಿನವರಿಗೆ ನಿಲ್ದಾಣ ಎಂದೋ ಒಮ್ಮೆ ಹಾದುಹೋಗುವ ಜಾಗವಲ್ಲ, ಬೆಳಗ್ಗೆ ಸಂಜೆ ಎರಡೂ ಹೊತ್ತು ಸಮಯ ಕಳೆಯುವ ಜಾಗ. ಹಳಿ ಊರನ್ನು ಎರಡು ಹೋಳು ಮಾಡಿರುವಲ್ಲಿ ಎರಡನೆಯ ಪ್ರವೇಶದ್ವಾರ ಬಂದರೆ, ಹಿಂಬದಿಯ ಬಡಾವಣೆಯವರು ಹಳಿ ದಾಟುವ ಅಪಾಯಕಾರಿ ಅಭ್ಯಾಸ ಕಡಿಮೆಯಾಗುತ್ತದೆ. ಇದು ಭಾಷಣಕ್ಕೆ ಒದಗುವಷ್ಟು ದೊಡ್ಡ ಸಂಗತಿಯಲ್ಲ, ಆದರೆ ಉಪಯೋಗ ದಿನನಿತ್ಯದ್ದು.

ಹಣದ ಲೆಕ್ಕವನ್ನೂ ಭಾವುಕತೆಯಿಲ್ಲದೆ ನೋಡಬೇಕು. 2025-26ರ ಬಜೆಟ್‌ನಲ್ಲಿ ರೈಲ್ವೆಯ ಬಂಡವಾಳಕ್ಕೆ ಕೇಂದ್ರ ಒದಗಿಸಿದ್ದು 2.52 ಲಕ್ಷ ಕೋಟಿ ರೂಪಾಯಿ. ಮೊದಲ 508 ನಿಲ್ದಾಣಗಳ ಒಟ್ಟು ಅಂದಾಜು ಅದರ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ, ಮತ್ತು ಅದೂ ಹಲವು ವರ್ಷಗಳಲ್ಲಿ ಹಂಚಿಹೋಗುವ ಮೊತ್ತ. ಸರಾಸರಿ ಹಾಕಿದರೆ ಒಂದು ನಿಲ್ದಾಣಕ್ಕೆ 50 ಕೋಟಿಯೂ ಆಗುವುದಿಲ್ಲ. ನಿಲ್ದಾಣಕ್ಕೆ ಕೊಟ್ಟ ದುಡ್ಡನ್ನು ಹಿಂತೆಗೆದು ಹಳಿಗೆ ಹಾಕಿದರೆ ಕರ್ನಾಟಕದ ಬಾಕಿ ಯೋಜನೆಗಳು ಓಡತೊಡಗುತ್ತವೆ ಎಂಬುದು ಆಕರ್ಷಕ ವಾದ, ಆದರೆ ಆ ಯೋಜನೆಗಳು ನಿಂತಿರುವುದು ಕೇವಲ ದುಡ್ಡಿಲ್ಲದೆ ಅಲ್ಲ. ಹುಬ್ಬಳ್ಳಿ–ಅಂಕೋಲಾ ಮಾರ್ಗ 1997-98ರಲ್ಲಿ ಮಂಜೂರಾಗಿ ಪಶ್ಚಿಮಘಟ್ಟದ ಅರಣ್ಯದ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿತು. ತುಮಕೂರು–ಚಿತ್ರದುರ್ಗ–ದಾವಣಗೆರೆ ನೇರ ಮಾರ್ಗ ವರ್ಷಾನುಗಟ್ಟಲೆ ಎಡವಿದ್ದು ಭೂಸ್ವಾಧೀನದಲ್ಲಿ. ನಿಲ್ದಾಣದ ಜಾಗವಾದರೋ ರೈಲ್ವೆಯ ಕೈಯಲ್ಲೇ ಇದೆ. ಆಗಬಹುದಾದ ಕೆಲಸವನ್ನು, ಆಗದೆ ಉಳಿದ ಕೆಲಸಕ್ಕಾಗಿ ತಡೆದು ನಿಲ್ಲಿಸುವುದರಿಂದ ಯಾರಿಗೆ ಲಾಭವೆಂಬುದು ತಿಳಿಯುವುದಿಲ್ಲ.

ಒಂದು ಹಳೆಯ ಸಂಗತಿಯನ್ನೂ ನೆನೆಯಬೇಕು. ನಿಲ್ದಾಣಗಳನ್ನು ಖಾಸಗಿ ಸಹಭಾಗಿತ್ವದಲ್ಲಿ, ಜಾಗದ ವಾಣಿಜ್ಯ ಬಳಕೆಯಿಂದಲೇ ಹಣ ಹುಟ್ಟಿಸಿ ಅಭಿವೃದ್ಧಿಪಡಿಸಲು 2012ರಲ್ಲಿ ಭಾರತೀಯ ರೈಲು ನಿಲ್ದಾಣ ಅಭಿವೃದ್ಧಿ ನಿಗಮ ಸ್ಥಾಪನೆಯಾಗಿತ್ತು. ಭೋಪಾಲದ ಹಬೀಬ್‌ಗಂಜ್ – ಈಗಿನ ರಾಣಿ ಕಮಲಾಪತಿ – ನಿಲ್ದಾಣದಂಥ ಬೆರಳೆಣಿಕೆಯ ಫಲಗಳನ್ನಷ್ಟೇ ಕೊಟ್ಟು, 2021ರಲ್ಲಿ ಅದನ್ನು ಮುಚ್ಚುವ ತೀರ್ಮಾನವಾಯಿತು. ಖಾಸಗಿ ಬಂಡವಾಳಕ್ಕೆ ದೊಡ್ಡ ನಗರಗಳ ಬೆಲೆಬಾಳುವ ಜಾಗದ ಮೇಲೆ ಆಸಕ್ತಿ ಇರುತ್ತದೆ. ಅಳ್ನಾವರ, ಹರಿಹರ, ಅರಸೀಕೆರೆಗಳ ಮೇಲೆ ಇರುವುದಿಲ್ಲ. ಈ ಮೂರೂ 2023ರ ಮೊದಲ ಪಟ್ಟಿಯಲ್ಲೇ ಸೇರಲು ಸಾಧ್ಯವಾದದ್ದು ಸರ್ಕಾರ ನೇರವಾಗಿ ತನ್ನ ಬೊಕ್ಕಸದಿಂದ ಹಣ ಹಾಕಲು ಒಪ್ಪಿದ್ದರಿಂದ. ಮಹಾನಗರದ ನಿಲ್ದಾಣಗಳಿಗೆ ಹೇಗಾದರೂ ಹಣ ಬಂದೀತು. ನಡುದಾರಿಯ ಜಂಕ್ಷನ್‌ಗಳ ಪಾಲಿಗೆ ಇಂಥ ಅವಕಾಶ ಮತ್ತೆ ಬರುವುದೆಂಬ ಭರವಸೆ ಇಲ್ಲ.

ವಿರೋಧ: ಗಾಡಿ ಎಲ್ಲಿ?

2022ರ ಜೂನ್ 20ರಂದು ಬೆಂಗಳೂರಿನ ಹೊರವಲಯದ ಕೊಮ್ಮಘಟ್ಟದಲ್ಲಿ ಪ್ರಧಾನಿಯವರು ಒಂದೇ ಸಮಾರಂಭದಲ್ಲಿ ಹಲವು ರೈಲ್ವೆ ಕಾರ್ಯಕ್ರಮಗಳನ್ನು ನೆರವೇರಿಸಿದರು. ವಿಶ್ವೇಶ್ವರಯ್ಯ ಟರ್ಮಿನಲ್ ಲೋಕಾರ್ಪಣೆಯಾಯಿತು. ದಂಡು (ಕಂಟೋನ್ಮೆಂಟ್) ನಿಲ್ದಾಣಕ್ಕೆ ಸುಮಾರು 500 ಕೋಟಿ, ಯಶವಂತಪುರಕ್ಕೆ ಸುಮಾರು 375 ಕೋಟಿ ರೂಪಾಯಿಯ ಮರುಅಭಿವೃದ್ಧಿಗೆ ಶಂಕುಸ್ಥಾಪನೆಯಾಯಿತು. ಅದೇ ವೇದಿಕೆಯಿಂದ 148 ಕಿಲೋಮೀಟರ್ ಉದ್ದದ, 15,767 ಕೋಟಿ ರೂಪಾಯಿ ವೆಚ್ಚದ ಬೆಂಗಳೂರು ಉಪನಗರ ರೈಲು ಯೋಜನೆಗೂ ಅಡಿಗಲ್ಲು ಬಿತ್ತು. ದಶಕಗಳ ಬೇಡಿಕೆಯನ್ನು 40 ತಿಂಗಳಲ್ಲಿ ಪೂರೈಸುವ ಭರವಸೆಯೂ ಬಂತು. ಆ 40 ತಿಂಗಳು 2025ರ ಅಕ್ಟೋಬರ್‌ನಲ್ಲಿ ಮುಗಿದವು. ದಂಡು ಮತ್ತು ಯಶವಂತಪುರದಲ್ಲಿ ಉಕ್ಕಿನ ಚಪ್ಪರಗಳು ಎದ್ದುನಿಂತಿರುವುದನ್ನು ಗಾಡಿಯ ಕಿಟಕಿಯಿಂದಲೇ ಕಾಣಬಹುದು. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಚೆಂದದ ಹೆಸರಿಟ್ಟ ನಾಲ್ಕು ಉಪನಗರ ಮಾರ್ಗಗಳಲ್ಲಿ ಒಂದರ ಮೇಲೂ ಗಡುವು ಮುಗಿಯುವ ಹೊತ್ತಿಗೆ ಗಾಡಿ ಓಡಿರಲಿಲ್ಲ. ಎರಡು ಮಾರ್ಗಗಳ ಕಾಮಗಾರಿಯಿಂದ ಗುತ್ತಿಗೆದಾರ ಸಂಸ್ಥೆಯೇ 2025ರಲ್ಲಿ ಹೊರನಡೆಯಿತು. ಒಂದೇ ದಿನ, ಒಂದೇ ವೇದಿಕೆಯಲ್ಲಿ ಆರಂಭವಾದ ಎರಡು ಬಗೆಯ ಕೆಲಸಗಳಲ್ಲಿ ಯಾವುದು ಮೇಲೇಳುತ್ತದೆ, ಯಾವುದು ಕುಂಟುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ.

ನಿಲ್ದಾಣಗಳನ್ನು ಸುಧಾರಿಸಬಾರದು ಎಂಬುದು ಈ ವಾದವಲ್ಲ. ಪ್ಲಾಟ್‌ಫಾರ್ಮ್ ಉದ್ದವಾಗಲಿ, ಲಿಫ್ಟ್ ಬರಲಿ, ಶೌಚಾಲಯಕ್ಕೆ ನೀರು ಬರಲಿ. ಪ್ರಶ್ನೆ ಇರುವುದು ಅನುಕ್ರಮದ ಬಗ್ಗೆ, ಮತ್ತು ಯಾವುದನ್ನು ಸಾಧನೆಯೆಂದು ಎಣಿಸಲಾಗುತ್ತಿದೆ ಎಂಬುದರ ಬಗ್ಗೆ. ಕಟ್ಟಡಕ್ಕೆ ಉದ್ಘಾಟನೆಯ ದಿನಾಂಕ ಇರುತ್ತದೆ, ಫಲಕ ಇರುತ್ತದೆ, ಚಿತ್ರ ಇರುತ್ತದೆ. ವೇಳಾಪಟ್ಟಿಯಲ್ಲಿ ಒಂದು ಗಾಡಿ ಹೆಚ್ಚಾದದ್ದಕ್ಕೂ ಹಸಿರು ನಿಶಾನೆ ತೋರಿಸುವ ಸಮಾರಂಭವಾದರೂ ಇರುತ್ತದೆ. ಔಟರ್‌ನಲ್ಲಿ ಇಪ್ಪತ್ತು ನಿಮಿಷ ಕಾಯುವುದು ತಪ್ಪಿತೆಂದು ಯಾರೂ ಟೇಪು ಕತ್ತರಿಸುವುದಿಲ್ಲ. ಹೀಗಾಗಿ ಆಡಳಿತದ ಗಮನ ಕಣ್ಣಿಗೆ ಕಾಣುವುದರತ್ತ ಹರಿಯುತ್ತದೆ. ಹೊಸಪೇಟೆ ನಿಲ್ದಾಣಕ್ಕೆ ಹಂಪಿಯ ಸ್ಮಾರಕಗಳ ಹೋಲಿಕೆ ಬಂದದ್ದು ಪ್ರವಾಸಿಗಳಿಗೆ ಸಂತೋಷದ ವಿಷಯವಿರಬಹುದು. ಗಾಡಿಗಳು ಎಷ್ಟಿವೆ, ಎಷ್ಟು ಹೊತ್ತಿಗೆ ಬರುತ್ತವೆ ಎಂದು ಕೇಳುವವರಿಗೆ ಅದರಲ್ಲಿ ಉತ್ತರವಿಲ್ಲ.

ಬೈಯಪ್ಪನಹಳ್ಳಿಯ ಟರ್ಮಿನಲ್ ಕಥೆಯನ್ನು ವಿವರವಾಗಿಯೇ ನೋಡಬೇಕು, ಏಕೆಂದರೆ ಮುಂದೆ ಬೇರೆಡೆ ಆಗಬಹುದಾದದ್ದೆಲ್ಲ ಅಲ್ಲಿ ಆಗಲೇ ಆಗಿದೆ. ಸುಮಾರು 315 ಕೋಟಿ ರೂಪಾಯಿಯಲ್ಲಿ ವಿಮಾನ ನಿಲ್ದಾಣದ ಮಾದರಿಯಲ್ಲಿ ಕಟ್ಟಿದ ಹವಾನಿಯಂತ್ರಿತ ಟರ್ಮಿನಲ್ 2021ರಲ್ಲೇ ಬಹುಮಟ್ಟಿಗೆ ಸಿದ್ಧವಾಗಿ, ಒಂದು ವರ್ಷಕ್ಕೂ ಹೆಚ್ಚು ಕಾಲ ಬಾಗಿಲು ಮುಚ್ಚಿಕೊಂಡಿತ್ತು. 2022ರ ಜೂನ್‌ನಲ್ಲಿ ತೆರೆದಾಗ ಮೊದಲಿಗೆ ಅಲ್ಲಿಗೆ ವರ್ಗಾವಣೆಯಾದವು ಎರ್ನಾಕುಲಂ, ಕೊಚ್ಚುವೇಲಿ ಮತ್ತು ಪಟ್ನಾ ಕಡೆಯ ಗಾಡಿಗಳು ಮಾತ್ರ. ಆಗ ಯಶವಂತಪುರ–ಹೆಬ್ಬಾಳ–ಬಾಣಸವಾಡಿ–ಚನ್ನಸಂದ್ರ ಮಾರ್ಗವಾಗಲಿ ಹೊಸೂರಿನತ್ತ ಹೋಗುವ ಮಾರ್ಗವಾಗಲಿ ಬಹುಪಾಲು ಒಂಟಿ ಹಳಿಯಾಗಿಯೇ ಇದ್ದವು. 21.7 ಕಿಲೋಮೀಟರಿನ ಯಶವಂತಪುರ–ಚನ್ನಸಂದ್ರ ಮತ್ತು 48 ಕಿಲೋಮೀಟರಿನ ಬೈಯಪ್ಪನಹಳ್ಳಿ–ಹೊಸೂರು ಜೋಡಿಹಳಿ ಕಾಮಗಾರಿಗಳು ಟರ್ಮಿನಲ್ಲಿಗಿಂತ ಮೊದಲು ಮುಗಿಯಬೇಕಿದ್ದವು, ಹಿಂದೆ ಉಳಿದವು. ಏಳು ಪ್ಲಾಟ್‌ಫಾರ್ಮ್ ಕಟ್ಟಿ, ಅಲ್ಲಿಗೆ ಗಾಡಿ ತರುವ ದಾರಿಯಲ್ಲಿ ಎದುರಿನ ಗಾಡಿಗೆ ಕ್ರಾಸಿಂಗ್ ಕೊಡಲು ನಿಲ್ಲುವ ಸ್ಥಿತಿಯನ್ನು ಹಾಗೇ ಬಿಟ್ಟರೆ ಅದನ್ನು ಯಾವ ಯೋಜನೆ ಎನ್ನಬೇಕು?

ಪ್ರಯಾಣಿಕರ ಕಡೆಯಿಂದ ನೋಡಿದರೂ ಅಷ್ಟೇ. ನಮ್ಮ ಮೆಟ್ರೊದ ಮೊಟ್ಟಮೊದಲ ಮಾರ್ಗ 2011ರ ಅಕ್ಟೋಬರ್‌ನಲ್ಲಿ ಮಹಾತ್ಮ ಗಾಂಧಿ ರಸ್ತೆಯಿಂದ ಹೊರಟು ತಲುಪಿದ್ದು ಬೈಯಪ್ಪನಹಳ್ಳಿಯನ್ನೇ. ಹನ್ನೊಂದು ವರ್ಷಗಳ ಬಳಿಕ ಅದೇ ಬೈಯಪ್ಪನಹಳ್ಳಿಯ ಹೆಸರಿನಲ್ಲಿ ತೆರೆದ ರೈಲು ಟರ್ಮಿನಲ್ಲಿಗೆ ಮೆಟ್ರೊದಿಂದ ಇಳಿದು ನಡೆದುಹೋಗುವ ಹಾಗಿಲ್ಲ. ಲಗೇಜು ಹಿಡಿದವರು ಕಿರಿದಾದ ರಸ್ತೆಗಳಲ್ಲಿ ಬಸ್ಸಿಗೆ ಕಾಯಬೇಕು, ಇಲ್ಲವೇ ಆಟೊದವರೊಂದಿಗೆ ಚೌಕಾಸಿಗೆ ನಿಲ್ಲಬೇಕು. ರಾತ್ರಿಯ ಹೊತ್ತಿನಲ್ಲಿ ಕೆಂಗೇರಿಗೋ ಜಯನಗರಕ್ಕೋ ಹೋಗುವವರು ಆಟೊಗೆ ತೆರುವ ಬಾಡಿಗೆ ಹಲವು ಬಾರಿ ಸ್ಲೀಪರ್ ಟಿಕೆಟ್ಟಿನ ಬೆಲೆಯನ್ನೇ ಮೀರುತ್ತದೆ. ಕಟ್ಟಡದ ಒಳಗಿನ ತಂಪು ಆ ಹೊರೆಯನ್ನು ಇಳಿಸುವುದಿಲ್ಲ.

ದಂಡು ನಿಲ್ದಾಣದ್ದು ಇದರದೇ ಇನ್ನೊಂದು ರೂಪ. 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ಮೊದಲ ರೈಲು ಬಂದು ನಿಂತದ್ದು ಇಲ್ಲಿಯೇ. ಮೆಟ್ರೊದ ಗುಲಾಬಿ ಮಾರ್ಗದ ಸುರಂಗ ನಿಲ್ದಾಣವೊಂದು ಈ ರೈಲು ನಿಲ್ದಾಣದ ಪಕ್ಕದಲ್ಲೇ ಬರಬೇಕೆಂಬುದು ಮೂಲ ಯೋಜನೆಯಾಗಿತ್ತು. ಆಮೇಲೆ ಅದನ್ನು ಬಂಬೂ ಬಜಾರಿನ ಕಡೆಗೆ ಸರಿಸಲಾಯಿತು. ನಾಗರಿಕರ ಪ್ರತಿಭಟನೆ ಫಲಿಸಲಿಲ್ಲ. ಹಾಗೆ ಕೊಂಡಿ ತಪ್ಪಿಹೋದ ನಿಲ್ದಾಣಕ್ಕೇ ಈಗ ನೂರಾರು ಕೋಟಿಯ ಮರುಅಭಿವೃದ್ಧಿ ನಡೆದಿದೆ. ದೇವನಹಳ್ಳಿಯ ವಿಮಾನ ನಿಲ್ದಾಣದ ಬಳಿ 2021ರ ಜನವರಿಯಲ್ಲಿ ತೆರೆದ ಹಾಲ್ಟ್ ನಿಲ್ದಾಣವನ್ನೂ ಇಲ್ಲಿ ನೆನೆಯಬಹುದು: ಪ್ಲಾಟ್‌ಫಾರ್ಮ್ ಇತ್ತು, ಟರ್ಮಿನಲ್ಲಿಗೆ ಕರೆದೊಯ್ಯುವ ಬಸ್ಸಿನ ವ್ಯವಸ್ಥೆಯೂ ಇತ್ತು, ಆದರೆ ವಿಮಾನದ ಸಮಯಕ್ಕೆ ಒದಗುವಷ್ಟು ಗಾಡಿಗಳಿರಲಿಲ್ಲ, ಜನರೂ ಬರಲಿಲ್ಲ. ಜನ ಬರಲಿಲ್ಲವೆಂದು ಆಮೇಲೆ ಗಾಡಿ ಕಡಿಮೆ ಮಾಡುವುದು ರೈಲ್ವೆಯಲ್ಲಿ ಹೊಸ ತರ್ಕವೇನಲ್ಲ.

ಜಂಕ್ಷನ್ನಿನ ಪ್ರಾಣ ಅದರ ಪ್ರವೇಶದ್ವಾರದಲ್ಲಿ ಇಲ್ಲ. ಗಾಡಿಯ ಹಳಿ ಬದಲಿಸುವ ಪಾಯಿಂಟು, ಸಿಗ್ನಲ್, ಇವೆರಡನ್ನೂ ಒಂದಕ್ಕೊಂದು ಹೊಂದಿಸುವ ಇಂಟರ್‌ಲಾಕಿಂಗ್ ಕೋಣೆಯಲ್ಲಿದೆ. 2023ರ ಜೂನ್ 2ರ ಸಂಜೆ ಒಡಿಶಾದ ಬಾಲೇಶ್ವರ ಜಿಲ್ಲೆಯ ಬಹನಾಗ ಬಜಾರ್ ನಿಲ್ದಾಣದಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ ಮುಖ್ಯ ಹಳಿಯ ಪಕ್ಕದ ಲೂಪ್ ಲೈನಿಗೆ ನುಗ್ಗಿ, ಅಲ್ಲಿ ನಿಂತಿದ್ದ ಗೂಡ್ಸ್ ಗಾಡಿಗೆ ಬಡಿಯಿತು. ಅದರ ಬೋಗಿಗಳಿಗೆ ಡಿಕ್ಕಿಯಾದ ಇನ್ನೊಂದು ಗಾಡಿ ಬೆಂಗಳೂರಿನಿಂದ ಹೌರಾಕ್ಕೆ ಹೊರಟಿದ್ದದ್ದು. ಸತ್ತವರು 290ಕ್ಕೂ ಹೆಚ್ಚು. ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ಬೆರಳು ತೋರಿಸಿದ್ದು ಸಿಗ್ನಲ್ ವ್ಯವಸ್ಥೆಯ ತಂತಿ ಜೋಡಣೆಯಲ್ಲಿ ಆಗಿದ್ದ ಲೋಪಗಳತ್ತ. ಆ ಅಪಘಾತವಾಗಿ ಎರಡು ತಿಂಗಳು ಕಳೆದ ಮೇಲೆ 508 ನಿಲ್ದಾಣಗಳ ಶಂಕುಸ್ಥಾಪನೆ ನಡೆಯಿತು. ಎರಡಕ್ಕೂ ನೇರ ಸಂಬಂಧವಿಲ್ಲ ಎನ್ನಬಹುದು, ನಿಜ. ಆದರೆ ಒಂದು ಸಂಸ್ಥೆ ಯಾವುದರ ಬಗ್ಗೆ ದೊಡ್ಡ ದನಿಯಲ್ಲಿ ಮಾತನಾಡುತ್ತದೆ, ಯಾವುದರ ಬಗ್ಗೆ ತಗ್ಗಿದ ದನಿಯಲ್ಲಿ ಮಾತನಾಡುತ್ತದೆ ಎಂಬುದನ್ನು ಗಮನಿಸುವ ಹಕ್ಕು ಟಿಕೆಟ್ ಕೊಂಡವರಿಗೆ ಇದೆ.

ಸೇವೆಯ ಸುಧಾರಣೆ ನಿಜವಾಗಿ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಕರಾವಳಿಯ ಮಾರ್ಗ ಸಾಕ್ಷಿ. ಬೆಂಗಳೂರಿನಿಂದ ಕಾರವಾರಕ್ಕೆ ಹೋಗುವ ಗಾಡಿ ಮೊದಲು ಮಂಗಳೂರಿನ ಒಳಕ್ಕೆ ಹೋಗಿ, ಎಂಜಿನ್ ತಿರುಗಿಸಿಕೊಂಡು ಹೊರಬರಬೇಕಿತ್ತು. 2020ರಲ್ಲಿ ಆರಂಭವಾದ ರೈಲು – ಇಂದಿನ ಪಂಚಗಂಗಾ ಎಕ್ಸ್‌ಪ್ರೆಸ್ – ಪಡೀಲಿನ ಬೈಪಾಸ್ ಹಿಡಿದು ನೇರವಾಗಿ ಕೊಂಕಣ ರೈಲ್ವೆಗೆ ಸೇರಿತು. ಉಡುಪಿ, ಕುಂದಾಪುರ, ಭಟ್ಕಳದ ಜನರಿಗೆ ಬೆಂಗಳೂರು ಗಂಟೆಗಳ ಲೆಕ್ಕದಲ್ಲಿ ಹತ್ತಿರವಾಯಿತು. ಇದಕ್ಕೆ ಗಾಜಿನ ಗೋಡೆ ಬೇಕಾಗಲಿಲ್ಲ. ಮೊದಲೇ ಇದ್ದ ಒಂದು ತುಂಡು ಹಳಿ ಮತ್ತು ಅದನ್ನು ಬಳಸುವ ಮನಸ್ಸು ಸಾಕಾಯಿತು. ಅದೇ ದಾರಿಯಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿಲೋಮೀಟರ್ ಘಟ್ಟವಿದೆ. 57 ಸುರಂಗ, 50 ಅಡಿಗೆ ಒಂದು ಅಡಿಯ ಏರು, ಗಂಟೆಗೆ 30 ಕಿಲೋಮೀಟರ್ ವೇಗಮಿತಿ. ಬ್ರಾಡ್‌ಗೇಜ್ ಆದ ಮೇಲೆ 2007ರ ಡಿಸೆಂಬರ್‌ನಲ್ಲಿ ಪ್ರಯಾಣಿಕರ ಗಾಡಿ ಮತ್ತೆ ಓಡತೊಡಗಿದರೂ, ಆ ಒಂಟಿ ಹಳಿಯ ಮೇಲೆ ಓಡಿಸಬಹುದಾದ ಗಾಡಿಗಳ ಸಂಖ್ಯೆ ಬಿಗಿಯಾಗಿಯೇ ಉಳಿದಿದೆ. ಮಂಗಳೂರಿನ ಎರಡೂ ನಿಲ್ದಾಣಗಳನ್ನು ಅಮೃತಶಿಲೆಯಿಂದ ಕಟ್ಟಿದರೂ ಬೆಂಗಳೂರು–ಮಂಗಳೂರು ನಡುವೆ ಒಂದು ಹೊಸ ಗಾಡಿ ಬೇಕೆಂದರೆ ಕೇಳಬೇಕಾದದ್ದು ಈ ಘಟ್ಟವನ್ನೇ.

ಬಡವರ ಗಾಡಿಯ ವಿಷಯ ಪರ ವಾದದಲ್ಲಿ ಬಂದಿದೆ, ಆದ್ದರಿಂದ ಅದಕ್ಕೂ ಉತ್ತರಿಸಬೇಕು. ಲಿಫ್ಟ್ ದರ್ಜೆ ಕೇಳುವುದಿಲ್ಲ, ಒಪ್ಪಿದೆ. ಆದರೆ ಕೋವಿಡ್ ಕಾಲದಲ್ಲಿ ನಿಂತ ಪ್ಯಾಸೆಂಜರ್ ಗಾಡಿಗಳು ಮರಳಿ ಬಂದಾಗ ವಿಶೇಷ ಎಕ್ಸ್‌ಪ್ರೆಸ್ ಎಂಬ ಹೆಸರು ಹೊತ್ತು ಬಂದವು. 10 ರೂಪಾಯಿಯ ಕನಿಷ್ಠ ಟಿಕೆಟ್ 30 ರೂಪಾಯಿ ಆಯಿತು. ಹಳೆಯ ದರ ಮರಳಿದ್ದು 2024ರಲ್ಲಿ. ಅದೇ ಹೊತ್ತಿನಲ್ಲಿ ಎಷ್ಟೋ ಸಣ್ಣ ನಿಲ್ದಾಣಗಳ ನಿಲುಗಡೆಗಳು ವೇಳಾಪಟ್ಟಿಯಿಂದ ಮಾಯವಾದವು. 2020ರ ಮಾರ್ಚ್‌ನಲ್ಲಿ ನಿಂತ ಹಿರಿಯ ನಾಗರಿಕರ ರಿಯಾಯಿತಿಯಂತೂ ವರ್ಷಗಳೇ ಉರುಳಿದರೂ ಮರಳಲಿಲ್ಲ. ಅಜ್ಜಿಗೆ ಲಿಫ್ಟ್ ಬಂತು, ರಿಯಾಯಿತಿ ಹೋಯಿತು, ಊರಿನ ನಿಲುಗಡೆ ಹೋಯಿತು ಎಂದಾದರೆ ಒಟ್ಟು ಲೆಕ್ಕದಲ್ಲಿ ಆಕೆಗೆ ದಕ್ಕಿದ್ದೇನು?

ಭೂಸ್ವಾಧೀನವಾಗದೆ ಹಳಿ ನಿಂತಿದೆ, ಹಣದಿಂದ ಅಲ್ಲ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಹೊಸ ಮಾರ್ಗಗಳ ಮಟ್ಟಿಗೆ ಅದು ಸರಿ, ಮತ್ತು ಅಲ್ಲಿ ರಾಜ್ಯ ಸರ್ಕಾರದ ಹೊಣೆಯೂ ಇದೆ. ಆದರೆ ಯಾರ್ಡಿನ ಪುನಾರಚನೆ, ಸ್ವಯಂಚಾಲಿತ ಸಿಗ್ನಲ್, ಹೆಚ್ಚುವರಿ ಲೂಪ್ ಲೈನು, ಪಿಟ್ ಲೈನುಗಳಿಗೆ ಬೇಕಾದ ಜಾಗ ಬಹುಪಾಲು ರೈಲ್ವೆಯದೇ. ಹುಬ್ಬಳ್ಳಿಯ ಉದ್ದನೆಯ ಪ್ಲಾಟ್‌ಫಾರ್ಮನ್ನು ಪರ ವಾದ ಉದಾಹರಿಸಿದ್ದು ಸರಿಯಾಗಿಯೇ ಇದೆ, ಆದರೆ ಅದು ಈ ಪಕ್ಷಕ್ಕೇ ಒದಗುವ ಉದಾಹರಣೆ: 20 ಕೋಟಿಯ ಪ್ಲಾಟ್‌ಫಾರ್ಮ್ ಕೆಲಸಕ್ಕೆ ಬಂದದ್ದು ಅದರ ಹಿಂದೆ ಜೋಡಿಹಳಿ ಮತ್ತು ಯಾರ್ಡಿನ ಪುನಾರಚನೆ ಇದ್ದುದರಿಂದ. ದಂಡು ಮತ್ತು ಯಶವಂತಪುರಕ್ಕೆ ಮೀಸಲಿಟ್ಟ ಸುಮಾರು 875 ಕೋಟಿಯಲ್ಲಿ ಇಂಥ ಕೆಲಸಗಳು ಎಷ್ಟಾಗುತ್ತಿದ್ದವು ಎಂದು ಯಾರಾದರೂ ಕೂಡಿ ನೋಡಬೇಕು.

ಯಾರು ಕೂಡಿ ನೋಡಬೇಕು ಎಂಬುದೇ ಇನ್ನೊಂದು ತೊಡಕು. 2003ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟು ನೈಋತ್ಯ ರೈಲ್ವೆ ಬಂದರೂ ಮಂಗಳೂರಿನ ನಿಲ್ದಾಣಗಳು ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದಲ್ಲಿ ಉಳಿದವು, ಕಲಬುರಗಿ ಮಧ್ಯ ರೈಲ್ವೆಯ ಸೋಲಾಪುರ ವಿಭಾಗದಲ್ಲಿ ಉಳಿಯಿತು, ಕರಾವಳಿಯ ಉಳಿದ ಭಾಗ ಕೊಂಕಣ ರೈಲ್ವೆಯ ಕೈಯಲ್ಲಿದೆ. ಕಲಬುರಗಿಗೆ ಪ್ರತ್ಯೇಕ ವಿಭಾಗವೆಂದು 2014ರಲ್ಲಿ ಘೋಷಣೆಯಾದದ್ದು ಘೋಷಣೆಯಾಗಿಯೇ ಉಳಿಯಿತು. ನಿಲ್ದಾಣ ಕಟ್ಟುವುದಕ್ಕೆ ಒಂದು ವಿಭಾಗ ಸಾಕು. ಗಾಡಿ ಓಡಿಸುವುದಕ್ಕೆ ದಾರಿಯಲ್ಲಿ ಸಿಗುವ ಎಲ್ಲ ವಿಭಾಗಗಳೂ ಒಪ್ಪಬೇಕು. ಕಟ್ಟಡಗಳು ಬೇಗ ಏಳುವುದಕ್ಕೂ ಗಾಡಿಗಳು ತಡವಾಗಿ ಬರುವುದಕ್ಕೂ ಇದೂ ಒಂದು ಕಾರಣ, ಮತ್ತು ಇದನ್ನು ಸಿಮೆಂಟಿನಿಂದ ಸರಿಪಡಿಸಲಾಗದು.

ಜಾಗದ ವಾಣಿಜ್ಯ ಬಳಕೆಯ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ದಂಡು ನಿಲ್ದಾಣದ ಬಳಿಯ ರೈಲ್ವೆ ಕಾಲೊನಿಯ ಜಾಗವನ್ನು ವಾಣಿಜ್ಯ ನಿರ್ಮಾಣಕ್ಕೆ ಬಿಟ್ಟುಕೊಡುವ ಯೋಜನೆಯ ವಿರುದ್ಧ, ಅಲ್ಲಿನ ಮರಗಳ ಕಾರಣಕ್ಕೆ 2025ರಲ್ಲಿ ಎದ್ದ ದನಿಯನ್ನು ಬೆಂಗಳೂರಿನವರು ಬಲ್ಲರು. ಮರುಅಭಿವೃದ್ಧಿಯಾದ ನಿಲ್ದಾಣಗಳಲ್ಲಿ ಹತ್ತುವವರಿಂದ 10ರಿಂದ 50 ರೂಪಾಯಿಯವರೆಗೆ ಶುಲ್ಕ ಪಡೆಯುವ ಪ್ರಸ್ತಾಪ 2022ರ ಆರಂಭದಲ್ಲಿ ಬಂದಿತ್ತು ಎಂಬುದನ್ನೂ, ಅದು ಜನರಲ್ ಟಿಕೆಟ್ಟಿನವರಿಗೂ ಅನ್ವಯಿಸುವಂತಿತ್ತು ಎಂಬುದನ್ನೂ ಮರೆಯಬಾರದು.

ಹಾಗಾದರೆ ಕೇಳುವುದೇನು? ಒಂದು ಜಂಕ್ಷನ್ನಿನ ಮರುಅಭಿವೃದ್ಧಿಗೆ ಹಣ ಮಂಜೂರು ಮಾಡುವ ಆದೇಶದಲ್ಲಿಯೇ ಮೂರು ಸಂಗತಿಗಳು ಬರಹದಲ್ಲಿ ಇರಬೇಕು. ಕೆಲಸ ಮುಗಿದ ದಿನದಿಂದ ಆ ನಿಲ್ದಾಣದಲ್ಲಿ ಎಷ್ಟು ಗಾಡಿಗಳು ಹೆಚ್ಚುವರಿಯಾಗಿ ನಿಲ್ಲುತ್ತವೆ ಅಥವಾ ಹೊರಡುತ್ತವೆ. ಯಾರ್ಡಿಗೆ ಬರುವ ಎರಡೂ ಬದಿಯ ಹಳಿಗಳು ಅಷ್ಟು ಗಾಡಿಗಳನ್ನು ತಡೆದುಕೊಳ್ಳಬಲ್ಲವೇ, ಇಲ್ಲವಾದರೆ ಆ ಕೆಲಸ ಯಾವಾಗ ಮುಗಿಯುತ್ತದೆ. ಊರಿನ ಬಸ್ಸು ಅಥವಾ ಮೆಟ್ರೊ ನಿಲ್ದಾಣದ ಬಾಗಿಲಿನವರೆಗೆ ಬರಲು ಯಾವ ಸಂಸ್ಥೆ ಹೊಣೆ. ವಿಶ್ವೇಶ್ವರಯ್ಯ ಟರ್ಮಿನಲ್ಲಿಗೆ ಈ ಮೂರನ್ನೂ ಮೊದಲೇ ಕೇಳಿದ್ದರೆ ಕಟ್ಟಡ ಒಂದು ವರ್ಷ ಬೀಗ ಹಾಕಿಕೊಂಡು ಕೂರುತ್ತಿರಲಿಲ್ಲ. ತುಮಕೂರು, ಕೆಂಗೇರಿ, ಬಂಗಾರಪೇಟೆ, ಅರಸೀಕೆರೆಗಳ ವಿಷಯದಲ್ಲಿ ಕೇಳಲು ಈಗಲೂ ಸಮಯವಿದೆ. ಗುತ್ತಿಗೆಯ ಕಾಗದಗಳು ಸಿದ್ಧವಾಗುವಷ್ಟೇ ಹೊತ್ತಿನಲ್ಲಿ ವೇಳಾಪಟ್ಟಿಯ ಕರಡನ್ನೂ ಸಿದ್ಧಪಡಿಸಿ ಸಾರ್ವಜನಿಕರ ಮುಂದಿಡಲು ರೈಲ್ವೆಗೆ ತಾಂತ್ರಿಕ ಅಡ್ಡಿಯೇನೂ ಇಲ್ಲ.